ಹಿತ್ತಲಿನ ಆ್ಯಂಡರ್ಸನ್ ಶೆಲ್ಟರ್: ನೀರು ಬಸಿದು ಮಂಚ ಕಟ್ಟಿದ ದಾಖಲೆ

ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ಆ್ಯಂಡರ್ಸನ್ ಶೆಲ್ಟರ್, ಅಂದರೆ ವಾಯುದಾಳಿಯಿಂದ ರಕ್ಷಣೆಗೆಂದು ಭಾಗಶಃ ನೆಲದಲ್ಲಿ ಹೂತ ತಗಡಿನ ಗೂಡು, ಇದೆ. ಹಿಂದಿನ ಮಾಲೀಕರು ಅದನ್ನು ತೋಟದ ಸಾಮಾನು ಇಡುವುದಕ್ಕೆ ಬಳಸಿ, ನೀರು ತುಂಬಿಕೊಳ್ಳತೊಡಗಿದ ಮೇಲೆ ಕೈಬಿಟ್ಟಿದ್ದರು. 1940ರ ಚಳಿಗಾಲದಲ್ಲಿ ಒಂದು ಸಾಧಾರಣ ಕುಟುಂಬ ಅದನ್ನು ಹೇಗೆ ಸಜ್ಜುಗೊಳಿಸಿಕೊಂಡಿರಬಹುದೋ ಹಾಗೆಯೇ ಸಜ್ಜುಗೊಳಿಸಿ, ನಾವು ನಾಲ್ವರೂ ಒಂದು ಇಡೀ ರಾತ್ರಿ ಅದರೊಳಗೆ ಮಲಗಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಮಾರ್ಚ್‌ನಲ್ಲಿ ಆರಂಭಿಸಿದ ಕೆಲಸ ನವೆಂಬರ್‌ವರೆಗೆ ನಡೆಯಿತು. ಇಂಥ ಶೆಲ್ಟರ್ ಇರುವವರು, ಅಥವಾ ಶಾಲೆಗಾಗಿ ಇದರ ಪ್ರತಿಕೃತಿ ಕಟ್ಟಲು ಹೊರಟವರು, ಮಂಚದ ಅಳತೆಗಿಂತ ಮೊದಲು ನೀರಿನ ಭಾಗವನ್ನು ಓದಬೇಕೆಂದು ವಿನಂತಿ. ನಮ್ಮ ದುಡ್ಡಿನ ಮತ್ತು ದುಡಿಮೆಯ ಬಹುಪಾಲು ಅದಕ್ಕೇ ಹೋಯಿತು; ಯುದ್ಧಕಾಲದಲ್ಲಿ ಇದರೊಳಗೆ ರಾತ್ರಿಗಳನ್ನು ಕಳೆದವರ ದೊಡ್ಡ ದೂರೂ ಅದೇ ಆಗಿತ್ತು.

ಹಂತ 1. ಅಳತೆ ಮತ್ತು ತಪಾಸಣೆ (ಮಾರ್ಚ್)

ಮುಳ್ಳುಪೊದೆ ಕಡಿದು ನೋಡಿದಾಗ ಅಳತೆಗಳು ಮೂಲ ವಿನ್ಯಾಸಕ್ಕೆ ಸರಿಯಾಗಿ ಹೊಂದಿದವು: ಉದ್ದ 6 ಅಡಿ 6 ಅಂಗುಲ, ಅಗಲ 4 ಅಡಿ 6 ಅಂಗುಲ, ಎತ್ತರ 6 ಅಡಿ. ಸತುವಿನ ಲೇಪವಿರುವ, ಅಲೆಅಲೆಯಾದ 14 ಉಕ್ಕಿನ ತಗಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ ಗೂಡು ಇದು. ಎರಡೂ ಬದಿಯ ತಗಡುಗಳು ಮೇಲಕ್ಕೆ ಬಾಗಿ ನೆತ್ತಿಯಲ್ಲಿ ಕೂಡುತ್ತವೆ. ತುದಿಗಳಲ್ಲಿ ನೇರ ತಗಡುಗಳು, ಒಂದು ತುದಿಯಲ್ಲಿ ಬಾಗಿಲ ಕಂಡಿ. ಗೂಡನ್ನು ನೆಲದೊಳಗೆ 4 ಅಡಿ ಹೂತು, ಮೇಲೆ ಕನಿಷ್ಠ 15 ಅಂಗುಲ ಮಣ್ಣು ಹೊದಿಸಬೇಕೆಂಬುದು ಸರ್ಕಾರದ ಸೂಚನೆಯಾಗಿತ್ತು.

ವಿಲಿಯಂ ಪ್ಯಾಟರ್ಸನ್ ಮತ್ತು ಆಸ್ಕರ್ ಕೆರಿಸನ್ ಎಂಬ ಎಂಜಿನಿಯರರು 1938ರಲ್ಲಿ ಇದನ್ನು ರೂಪಿಸಿದರು. ಆಗ ವಾಯುದಾಳಿ ಮುನ್ನೆಚ್ಚರಿಕೆಯ ಹೊಣೆ ಹೊತ್ತಿದ್ದ ಸರ್ ಜಾನ್ ಆ್ಯಂಡರ್ಸನ್ ಅವರ ಹೆಸರು ಇದಕ್ಕೆ ನಿಂತಿತು. ಅದಕ್ಕೆ ಸ್ವಲ್ಪವೇ ಮೊದಲು, 1932ರಿಂದ 1937ರವರೆಗೆ, ಅವರು ಬಂಗಾಳದ ಗವರ್ನರ್ ಆಗಿದ್ದರು. ಮೊದಲ ಶೆಲ್ಟರ್ 1939ರ ಫೆಬ್ರವರಿ 25ರಂದು ಲಂಡನ್ನಿನ ಇಸ್ಲಿಂಗ್ಟನ್‌ನ ಒಂದು ಹಿತ್ತಲಿನಲ್ಲಿ ನಿಂತಿತು. ಒಟ್ಟು ಸುಮಾರು 36 ಲಕ್ಷ ಶೆಲ್ಟರ್‌ಗಳು ಮನೆಮನೆಗೆ ಹೋದವು. ವರ್ಷಕ್ಕೆ 250 ಪೌಂಡ್‌ಗಿಂತ ಕಡಿಮೆ ಆದಾಯದವರಿಗೆ ಉಚಿತ, ಉಳಿದವರಿಗೆ 7 ಪೌಂಡ್. ತಗಡು, ನಟ್ಟು, ಬೋಲ್ಟು ಮನೆಬಾಗಿಲಿಗೆ ಬರುತ್ತಿದ್ದವು. ಗುಂಡಿ ತೋಡಿ ನಿಲ್ಲಿಸುವ ಕೆಲಸ ಸಾಮಾನ್ಯವಾಗಿ ಮನೆಯವರದ್ದೇ.

ತಪಾಸಣೆಗೆ ನಾವು ಬಳಸಿದ್ದು ಒಂದು ಸಣ್ಣ ಸುತ್ತಿಗೆ ಮತ್ತು ಒಂದು ಹಳೆಯ ಸ್ಕ್ರೂಡ್ರೈವರ್. ತಗಡನ್ನು ಅರ್ಧ ಅಡಿಗೊಮ್ಮೆ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಗಂಟೆಯ ಹಾಗೆ ದನಿಗೊಡುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಮಂಕಾದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಸದಾ ನೀರಿನಲ್ಲಿ ಮುಳುಗಿದ್ದ ಕೆಳಭಾಗಕ್ಕಿಂತ, ನೀರಿನ ಮಟ್ಟ ಏರಿಳಿಯುತ್ತಿದ್ದ ಒಂದು ಗೇಣಿನ ಪಟ್ಟಿಯೇ ಹೆಚ್ಚು ಸವೆದಿತ್ತು. ಹಿಂಬದಿಯ ಎಡಮೂಲೆಯಲ್ಲಿ ಸ್ಕ್ರೂಡ್ರೈವರ್ ನೇರವಾಗಿ ತಗಡನ್ನು ತೂರಿ ಹೋಯಿತು.

ಹಂತ 2. ಬೋಲ್ಟುಗಳು

ನಮ್ಮಲ್ಲಿದ್ದ ಮಿಲಿಮೀಟರ್ ಅಳತೆಯ ಸ್ಪ್ಯಾನರುಗಳು ಯಾವ ನಟ್ಟಿಗೂ ಕೂರಲಿಲ್ಲ. ಹತ್ತಿರದ ಅಳತೆಯದ್ದನ್ನು ಬಲವಂತವಾಗಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಇವು ವಿಟ್‌ವರ್ತ್ ಎಂಬ, ಅಂಗುಲ ಲೆಕ್ಕದ ಹಳೆಯ ಬ್ರಿಟಿಷ್ ಅಳತೆಯವು. ಆ ಸ್ಪ್ಯಾನರುಗಳ ಒಂದು ಸೆಟ್ ಹಳೆಯ ಸಾಮಾನಿನ ಸಂತೆಯಲ್ಲಿ 18 ಪೌಂಡ್‌ಗೆ ಸಿಕ್ಕಿತು. ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು, ಮರುದಿನ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಸಡಿಲಿಸುವುದು, ಹೀಗೆ ಮಾಡಿದಾಗ ಬಹುಪಾಲು ಬಿಚ್ಚಿಕೊಂಡವು. ಬಿಚ್ಚದವನ್ನು ಹಾಗೆಯೇ ಬಿಟ್ಟೆವು. ಬೋಲ್ಟು ಕತ್ತರಿಸಲು ಗ್ರೈಂಡರ್ ಹಚ್ಚಿದರೆ ಸುತ್ತಲಿನ ಸತುವಿನ ಲೇಪ ಸುಟ್ಟು, ಅಲ್ಲಿಂದಲೇ ಹೊಸ ತುಕ್ಕು ಹಿಡಿಯುತ್ತದೆ.

ಹಂತ 3. ನೀರು (ಏಪ್ರಿಲ್‌ನಿಂದ ಜುಲೈ)

ಒಳಗೆ ಎರಡೂವರೆ ಅಡಿ ನೀರಿತ್ತು. ಒಂದೇ ಸಲಕ್ಕೆ ಎಲ್ಲವನ್ನೂ ಎತ್ತಿಹಾಕಬಾರದು. ಒಳಗಿನ ನೀರು ಇಳಿದ ಕೂಡಲೇ ಹೊರಗಿನ ಒದ್ದೆ ಮಣ್ಣಿನ ಒತ್ತಡವೆಲ್ಲ ಸವೆದ ತಗಡಿನ ಮೇಲೆ ಬೀಳುತ್ತದೆ. ಬಾಡಿಗೆಯ ಪಂಪಿನಿಂದ (ವಾರಾಂತ್ಯಕ್ಕೆ 45 ಪೌಂಡ್) ದಿನಕ್ಕೆ ಸುಮಾರು ಒಂದು ಅಡಿಯಂತೆ ಇಳಿಸಿ, ಇಳಿದಷ್ಟೂ ಕಡೆ ಎರಡು ಗೋಡೆಗಳ ನಡುವೆ ಅಡ್ಡ ಮರದ ಊರೆ ಕೊಟ್ಟೆವು. ತಳದ ಕೆಸರನ್ನು ಕೈಗವಸು ತೊಟ್ಟು ಸಣ್ಣ ಸಲಿಕೆಯಿಂದಲೇ ತೆಗೆಯಬೇಕು. ಯುದ್ಧಕಾಲದ ಯಾವುದೇ ಲೋಹದ ವಸ್ತು ಅನುಮಾನ ಹುಟ್ಟಿಸಿದರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದು ಇಲ್ಲಿನ ಕ್ರಮ. ನಮಗೆ ಸಿಕ್ಕಿದ್ದು ಹೂಕುಂಡದ ಚೂರುಗಳು, ಒಂದು ಎನಾಮೆಲ್ ಲೋಟ ಮತ್ತು ಕೊಳೆತ ಮರದ ಪಟ್ಟಿಗಳು.

ಖಾಲಿ ಮಾಡಿದ ಮೇಲೆ ಒಂದು ಮಳೆ ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಮತ್ತೆ ಕಣಕಾಲು ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಮೊದಲ ಉಪಾಯವಾಗಿ, ತಗಡು ನೆಲವನ್ನು ಸೇರುವ ಅಂಚಿಗೆ ಒಳಗಿನಿಂದ ನೀರುತಡೆಯುವ ಸಿಮೆಂಟ್ ಬಳಿದೆವು. ಎರಡು ವಾರದೊಳಗೆ ಹೊರಗಿನ ನೀರಿನ ಒತ್ತಡಕ್ಕೆ ಅದು ಚಕ್ಕೆಯಾಗಿ ಕಳಚಿತು. ಒಳಗಿನಿಂದ ಬಳಿಯುವ ಯಾವ ಲೇಪವೂ ಇಂಥ ಕಡೆ ನಿಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಯುದ್ಧಕಾಲದಲ್ಲಿ ಅನೇಕ ಕಡೆ ನೆಲಕ್ಕೂ ಗೋಡೆಯ ಕೆಳಭಾಗಕ್ಕೂ ದಪ್ಪ ಕಾಂಕ್ರೀಟ್ ಹಾಕಿಸಿ ತೊಟ್ಟಿಯಂತೆ ಮಾಡಿದ್ದರು. ಅದು ಪರಿಣಾಮಕಾರಿಯೇ, ಆದರೆ ಉಳಿದಿರುವ ಹಳೆಯ ತಗಡು ಅದರ ಹಿಂದೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ ಎಂಬ ಕಾರಣಕ್ಕೆ ನಾವು ಆ ದಾರಿ ಹಿಡಿಯಲಿಲ್ಲ.

ಜೂನ್‌ನಲ್ಲಿ ಮಲೆನಾಡಿನ ಸಾಗರದಿಂದ ಅಪ್ಪ ಬಂದರು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡಿಸುತ್ತಲೇ ಜೀವನ ಕಳೆದವರು ಅವರು. ಶೆಲ್ಟರಿನ ಒಳಗೆ ಇಳಿಯುವ ಮೊದಲೇ ಹಿತ್ತಲಿನ ಇಳಿಜಾರನ್ನು ನಡೆದು ನೋಡಿ, “ಒಳಗೆ ಬಂದ ನೀರನ್ನು ಎಷ್ಟು ಎತ್ತಿಹಾಕಿದರೂ ಮುಗಿಯುವುದಿಲ್ಲ ಮಾರಾಯ, ಬರುವ ದಾರಿಯಲ್ಲೇ ಕಡಿಯಬೇಕು” ಎಂದರು. ಮೇಲಿನ ಬದಿಯಲ್ಲಿ ಅವರು ಹೇಳಿದ ಕಡೆ ಪರೀಕ್ಷೆಗೆಂದು ಒಂದು ಕುಣಿ ತೋಡಿದಾಗ ವಿಷಯ ಸ್ಪಷ್ಟವಾಯಿತು. ಮೇಲೆ ಎರಡು ಅಡಿಯಷ್ಟು ಸಡಿಲ ಮಣ್ಣು, ಅದರ ಕೆಳಗೆ ಬಿಗಿಯಾದ ಜೇಡಿ. ಮಳೆನೀರು ಜೇಡಿಯೊಳಗೆ ಇಂಗದೆ ಅದರ ಬೆನ್ನ ಮೇಲೆಯೇ ಇಳಿಜಾರಿಗೆ ಹರಿದು ಬಂದು, 1939ರಲ್ಲಿ ತೋಡಿ ಮತ್ತೆ ತುಂಬಿದ ಸಡಿಲ ಮಣ್ಣನ್ನು ಸೇರಿ, ಶೆಲ್ಟರಿನ ಸುತ್ತ ನಿಲ್ಲುತ್ತಿತ್ತು.

ಆದ್ದರಿಂದ ಶೆಲ್ಟರಿನಿಂದ 3 ಅಡಿ ದೂರದಲ್ಲಿ, ಮೇಲಿನ ಬದಿಯನ್ನೂ ಎರಡು ಪಕ್ಕಗಳನ್ನೂ ಬಳಸಿಕೊಂಡು, 30 ಅಂಗುಲ ಆಳದ ಕಾಲುವೆ ತೋಡಿದೆವು. ಆಳ ಜೇಡಿಯೊಳಗೆ ಆರು ಅಂಗುಲ ಇಳಿದಿರಲೇಬೇಕು. ಇಲ್ಲದಿದ್ದರೆ ನೀರು ಕಾಲುವೆಯ ಅಡಿಯಿಂದಲೇ ನುಸುಳಿ ಮುಂದೆ ಹೋಗುತ್ತದೆ. ತಳಕ್ಕೆ ಜಲ್ಲಿ, ಅದರ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಪೈಪು, ಸುತ್ತ ಮಣ್ಣು ಸೋಸುವ ಬಟ್ಟೆ, ಮೇಲೆ ಮತ್ತೆ ಜಲ್ಲಿ. ಇಳಿಜಾರು 80 ಅಡಿಗೆ 1 ಅಡಿ. ಇದನ್ನು ನೀರು ತುಂಬಿದ ಪಾರದರ್ಶಕ ಕೊಳವೆಯ ಮಟ್ಟದಿಂದ ಅಪ್ಪನೇ ಹಿಡಿದುಕೊಟ್ಟರು. ಪೈಪಿನ ಕೊನೆಯನ್ನು ಹಿತ್ತಲಿನ ಹಿಂದಿನ ಹಳೆಯ ಚರಂಡಿಗೆ ಬಿಟ್ಟೆವು. ಜಲ್ಲಿಗೆ 75 ಪೌಂಡ್, ಪೈಪು ಮತ್ತು ಬಟ್ಟೆಗೆ 42 ಪೌಂಡ್. ಪೈಪು ಯುದ್ಧಕಾಲದ್ದಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಹಿಡಿದ ದಾರಿ ಮಾತ್ರ ಮಲೆನಾಡಿನ ತೋಟದ್ದು.

ಜುಲೈನ ಎರಡು ಜೋರು ಮಳೆಗಳ ನಂತರ ಒಳಗೆ ನೆಲ ತೇವವಾಗಿತ್ತೇ ಹೊರತು ನೀರು ನಿಂತಿರಲಿಲ್ಲ.

ಹಂತ 4. ನೆಲ

ಬಾಗಿಲ ಬಳಿಯ ಮೂಲೆಯಲ್ಲಿ ಒಂದು ಅಡಿ ಉದ್ದ, ಅಗಲ, ಆಳದ ತಗ್ಗು ಮಾಡಿ, ಇಡೀ ನೆಲವನ್ನು ಆ ಕಡೆಗೆ ಸ್ವಲ್ಪ ಇಳಿಜಾರಾಗಿಸಿದೆವು. ಜಿನುಗಿದ್ದು ಅಲ್ಲಿ ಸೇರುತ್ತದೆ. ಒಂದು ಡಬ್ಬಿಯಲ್ಲಿ ಮೊಗೆದು ಹೊರಹಾಕಬಹುದು. ಮೇಲೆ ಮರದ ಪಟ್ಟಿಗಳನ್ನು ಬೆರಳಷ್ಟು ಸಂದು ಬಿಟ್ಟು ಹೊಡೆದ ಮೂರು ಚೌಕಟ್ಟುಗಳನ್ನು ಹಾಸಿದೆವು. ಒಂದೇ ದೊಡ್ಡ ಚೌಕಟ್ಟಾದರೆ ಕೆಳಗಿನ ಕೆಸರು ತೆಗೆಯುವುದು ಕಷ್ಟ.

ಹಂತ 5. ಗೋಡೆಯ ಬೆವರು (ಆಗಸ್ಟ್)

ಹೊರಗಿನ ನೀರು ಒಳಬರುವುದು ತಪ್ಪಿದ ಮೇಲೆ ಒಳಗಿನ ನೀರಿನ ಸರದಿ. ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಮೊದಲು ತೆಳುವಾದ ಪ್ಲೈವುಡ್ ಹಲಗೆಗಳನ್ನು ಗೋಡೆಗೆ ಒಳಹೊದಿಕೆಯಾಗಿ ನಿಲ್ಲಿಸಿ ನೋಡಿದೆವು. ತಿಂಗಳಲ್ಲಿ ಅವುಗಳ ಬೆನ್ನಿಗೆ ಬೂಷ್ಟು ಹಿಡಿದು ಇಡೀ ಕೋಣೆ ನಾರತೊಡಗಿತು. ಎಲ್ಲವನ್ನೂ ಕಿತ್ತು ಹಾಕಿದೆವು.

ಎರಡನೆಯದಾಗಿ ಹಿಡಿದದ್ದು ಹಡಗುಗಳ ಉಕ್ಕಿನ ಗೋಡೆಗಳಿಗೆ ಮಾಡುತ್ತಿದ್ದ ಹಳೆಯ ಉಪಾಯ: ಹಸಿ ಬಣ್ಣದ ಮೇಲೆ ಕಾರ್ಕ್ ಪುಡಿ ಎರಚುವುದು. ಸತುವಿನ ಮೇಲೆ ಬಣ್ಣ ನೇರವಾಗಿ ಹಿಡಿಯುವುದಿಲ್ಲ. ತಗಡನ್ನು ತಂತಿಬ್ರಷ್‌ನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಸತುವಿಗೆಂದೇ ಇರುವ ಪೂರ್ವಲೇಪ ಬಳಿದು, ಅದು ಕಪ್ಪಾದ ಮೇಲಷ್ಟೇ ಬಣ್ಣ ಹಚ್ಚಬೇಕು. ಬಣ್ಣ ಹಸಿಯಿರುವಾಗ ಕಾರ್ಕ್ ಪುಡಿಯನ್ನು ಅಂಗೈಯಿಂದ ಒತ್ತಿ ಎರಚಿ, ಒಣಗಿದ ಮೇಲೆ ಸಡಿಲವಾದದ್ದನ್ನು ಗುಡಿಸಿ, ಮೇಲೆ ಮತ್ತೊಂದು ಕೈ ಬಣ್ಣ. ಎಲ್ಲ ಸೇರಿ 71 ಪೌಂಡ್. ಇದರಿಂದ ಗೋಡೆಯಲ್ಲಿ ಹನಿ ಇಳಿಯುವುದು ಬಹುಮಟ್ಟಿಗೆ ನಿಂತಿತು.

ನಿಲ್ಲದೆ ಉಳಿದದ್ದು ನೆತ್ತಿಯ ಬೋಲ್ಟುಗಳು. ಪ್ರತಿ ಬೋಲ್ಟಿನ ತುದಿಯೂ ಒಳಕ್ಕೆ ಅರ್ಧ ಅಂಗುಲ ಚಾಚಿಕೊಂಡಿದೆ. ಟಾರ್ಚು ಹಿಡಿದು ನೋಡಿದರೆ ಸಾಲಾಗಿ ಒಂದೊಂದರ ತುದಿಯಲ್ಲೂ ಒಂದೊಂದು ಹನಿ, ದಪ್ಪಗಾಗುತ್ತ ಹೋಗಿ ಕಳಚುತ್ತದೆ, ಮತ್ತೆ ಹೊಸದು ಕಟ್ಟುತ್ತದೆ. ನಮ್ಮ ಬೀದಿಯಲ್ಲಿ ತೊಂಬತ್ತರ ಸಮೀಪದ ಅಜ್ಜಿಯೊಬ್ಬರಿದ್ದಾರೆ. ಚಿಕ್ಕಂದಿನಲ್ಲಿ ಇಂಥದೇ ಶೆಲ್ಟರಿನಲ್ಲಿ ಮಲಗಿದವರು. ಬಾಂಬಿನ ಸದ್ದಿಗೆ ಎಚ್ಚರವಾದ ರಾತ್ರಿಗಳಿಗಿಂತ ಹಣೆಯ ಮೇಲೆ ತಣ್ಣನೆಯ ಹನಿ ಬಿದ್ದು ಎಚ್ಚರವಾದ ರಾತ್ರಿಗಳೇ ತಮಗೆ ಹೆಚ್ಚು ನೆನಪಿವೆಯೆಂದು ಅವರು ಹೇಳಿದಾಗ, ಈ ಬೋಲ್ಟುಗಳ ವಿಷಯ ಬಿಡುವ ಹಾಗಿರಲಿಲ್ಲ. ಒಂದು ಹತ್ತಿಯ ದಾರವನ್ನು ಪ್ರತಿ ಬೋಲ್ಟಿಗೂ ಒಂದು ಸುತ್ತು ಹಾಕಿ, ಬಾಗಿಲ ಕಡೆಗೆ ಇಳಿಜಾರಾಗುವಂತೆ ಎಳೆದು ಕಟ್ಟಿ, ಕೊನೆಯನ್ನು ಮೂಲೆಯ ತಗ್ಗಿಗೆ ಇಳಿಬಿಟ್ಟೆವು. ಹನಿಗಳು ದಾರ ಹಿಡಿದು ಹೋಗುತ್ತವೆ. ಖರ್ಚು ಏನೂ ಇಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ.

ಹಂತ 6. ಮಂಚಗಳು (ಸೆಪ್ಟೆಂಬರ್)

ಈ ಶೆಲ್ಟರನ್ನು ರೂಪಿಸಿದಾಗ ಜನ ದಾಳಿ ಮುಗಿಯುವವರೆಗೆ ಕುಳಿತಿರುತ್ತಾರೆಂದು ಭಾವಿಸಲಾಗಿತ್ತು. ಆರು ಮಂದಿಗೆ ಜಾಗವೆಂಬ ಲೆಕ್ಕವೂ ಕೂರುವವರ ಲೆಕ್ಕವೇ. 1940ರ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ರಾತ್ರಿಯ ಮೇಲೆ ರಾತ್ರಿ ಬಾಂಬು ಬೀಳತೊಡಗಿದಾಗ ಮಲಗುವ ವ್ಯವಸ್ಥೆ ಅನಿವಾರ್ಯವಾಯಿತು. ಆ ವರ್ಷದ ನವೆಂಬರ್‌ನಲ್ಲಿ ನಡೆದ ಗಣತಿಯಂತೆ ಲಂಡನ್ನಿನವರಲ್ಲಿ ಶೇ 27ರಷ್ಟು ಮಂದಿ ಮನೆಯ ಶೆಲ್ಟರುಗಳಲ್ಲಿ ಮಲಗುತ್ತಿದ್ದರು. ಚಿತ್ರಗಳಲ್ಲಿ ನಾವು ಹೆಚ್ಚಾಗಿ ಕಾಣುವ ಸುರಂಗ ರೈಲು ನಿಲ್ದಾಣಗಳಲ್ಲಿದ್ದವರು ಶೇ 4 ಮಾತ್ರ.

ಒಳಗಿನ ಅಗಲ 54 ಅಂಗುಲ. ಎರಡು ಬದಿಗೂ 20 ಅಂಗುಲದ ಮಂಚ ಹಾಕಿದರೆ ನಡುವೆ 14 ಅಂಗುಲ ಉಳಿಯುತ್ತದೆ. ಒಬ್ಬರು ಪಕ್ಕಕ್ಕೆ ತಿರುಗಿ ನಿಲ್ಲುವಷ್ಟು. ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು. ಎರಡು ಅಂಗುಲ ಚದರದ ಒರಟು ಮರಕ್ಕೆ 62 ಪೌಂಡ್, ಕೋಳಿಗೂಡಿನ ತಂತಿಬಲೆಗೆ 28, ಗೋಣಿತಾಟಿಗೆ 24.

ಚೌಕಟ್ಟುಗಳನ್ನು ಹೊರಗೆ ಜೋಡಿಸಿ ಒಳಗೆ ಇಳಿಸಲು ಆಗುವುದಿಲ್ಲ. ಬಾಗಿಲ ಕಂಡಿಯಿಂದ ಓರೆಯಾಗಿ ಇಳಿಯುವ ಆರು ಅಡಿ ಮೀರಿದ ಚೌಕಟ್ಟು ಹಿಂಬದಿಯ ಗೋಡೆಗೆ ತಾಗಿ ಸಿಕ್ಕಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಕೊಯ್ದು, ಬೋಲ್ಟಿಗೆ ತೂತು ಕೊರೆದು, ಒಳಗೇ ಜೋಡಿಸಬೇಕು. ತಂತಿಬಲೆಯನ್ನು ಚೌಕಟ್ಟಿನ ಅಡಿಗೆ ಮಡಚಿ ಮೊಳೆ ಹೊಡೆಯಬೇಕು. ಮೇಲ್ಮೈಗೆ ಹೊಡೆದರೆ ಕೊಯ್ದ ತಂತಿಯ ತುದಿಗಳು ಹೊದಿಕೆಯನ್ನು ಹರಿಯುತ್ತವೆ.

ಮೇಲಿನ ಮಂಚದ ಎತ್ತರವೇ ಕಷ್ಟದ ಪ್ರಶ್ನೆ. 42 ಅಂಗುಲದಲ್ಲಿಟ್ಟರೆ ಗೋಡೆ ಅಲ್ಲಿಗಾಗಲೇ ಒಳಕ್ಕೆ ಬಾಗತೊಡಗಿರುವುದರಿಂದ ಮಂಚದ ಹೊರ ಅಂಚು ತಗಡಿಗೆ ತಾಗುತ್ತದೆ. ತಾಗಿದ ಕಡೆಯೆಲ್ಲ ಹೊದಿಕೆ ಒದ್ದೆ. 36 ಅಂಗುಲಕ್ಕೆ ಇಳಿಸಿದರೆ ಕೆಳಗೆ ಕುಳಿತವರ ತಲೆ ತಾಗುತ್ತದೆ. ಕೊನೆಗೆ ಎರಡೂ ತುದಿಗಳಲ್ಲಿ ಅಡ್ಡಲಾಗಿರುವ ಎಲ್ ಆಂಗಲ್ ಕಬ್ಬಿಣದ ಮೇಲೆಯೇ ಮೇಲಿನ ಮಂಚಗಳನ್ನು ಸುಮ್ಮನೆ ಇಟ್ಟು, ಮೊಳೆ ಹೊಡೆಯದೆ ಬಿಟ್ಟೆವು. ಸಂಜೆ ಕೂತಿರುವಷ್ಟು ಹೊತ್ತು ಅವುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮಲಗುವಾಗ ಇಳಿಸಿಕೊಳ್ಳುವುದು. ಕೆಳಗಿನ ಮಂಚಕ್ಕೆ 9 ಅಂಗುಲದ ಕಾಲುಗಳು.

ಹುಲ್ಲು ತುಂಬಿದ ಗೋಣಿಯ ಹಾಸಿಗೆಯನ್ನೂ ಮಾಡಿ ನೋಡಿದೆವು. ಹಗಲು ರಾತ್ರಿ ಒಳಗೇ ಬಿಟ್ಟದ್ದು ವಾರದಲ್ಲಿ ಮುಗ್ಗಲು ಹಿಡಿಯಿತು. ಪ್ರತಿದಿನ ಬೆಳಿಗ್ಗೆ ಮನೆಯೊಳಗೆ ಒಯ್ದು ಆರಿಸಿದ್ದು ಚೆನ್ನಾಗಿಯೇ ಉಳಿಯಿತು. ಆ ದಿನಗಳಲ್ಲಿ ಹಾಸಿಗೆ ಹೊದಿಕೆಗಳನ್ನು ಬೆಳಿಗ್ಗೆ ಒಳಗೆ, ಸಂಜೆ ಹೊರಗೆ ಹೊರುವುದು ಮನೆಯ ಹೆಂಗಸರ ನಿತ್ಯದ ದುಡಿಮೆಗೆ ಸೇರಿಕೊಂಡಿತ್ತು. ಅದನ್ನು ಒಂದು ವಾರ ನಾವೇ ಮಾಡಿದ ಮೇಲೆ, ತಿಂಗಳುಗಟ್ಟಲೆ ಹಾಗೆ ಹೊತ್ತವರ ಬಗ್ಗೆ ಗೌರವ ಹೆಚ್ಚಿತು.

ಹಂತ 7. ಬಾಗಿಲು, ಬೆಳಕು, ಬಿಸಿ (ಅಕ್ಟೋಬರ್)

ಬಾಗಿಲ ಕಂಡಿಗೆ ಹಲಗೆಯ ಬಾಗಿಲು, ಅದರ ಒಳಗೆ ಗೋಣಿತಾಟಿನ ಮೇಲೆ ಕಂಬಳಿ ಹೊಲಿದ ಪರದೆ. ಯುದ್ಧಕಾಲದ ಮರಳಿನ ಚೀಲಗಳಿಗೂ ಈ ತಾಟೇ ಬೇಕಾಗಿತ್ತು. ಕಲ್ಕತ್ತೆಯ ಸೆಣಬಿನ ಗಿರಣಿಗಳು ಅದನ್ನು ಭಾರಿ ಪ್ರಮಾಣದಲ್ಲಿ ನೇಯ್ದವು. ಬಂಗಾಳದ ಮಾಜಿ ಗವರ್ನರ್ ಹೆಸರಿನ ಶೆಲ್ಟರಿನ ಮುಂದೆ ಬಂಗಾಳದ ಸೆಣಬು ನಿಂತಿದ್ದು ಹೀಗೆ. ಪರದೆ ದಪ್ಪವಾಗಿರುವುದು ಚಳಿಗಷ್ಟೇ ಅಲ್ಲ, 1939ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕತ್ತಲೆಯ ನಿಯಮಕ್ಕೂ ಬೇಕಿತ್ತು. ಒಂದು ಗೆರೆಯಷ್ಟು ಬೆಳಕೂ ಹೊರಗೆ ಕಾಣುವಂತಿರಲಿಲ್ಲ.

ಪರದೆಯನ್ನು ಪೂರ್ತಿ ಬಿಗಿದು ನಾಲ್ವರೂ ಒಳಗೆ ಕುಳಿತಾಗ, ಗಾಳಿಯ ಗುಣ ತೋರಿಸುವ ಮಾಪಕದಲ್ಲಿ ಇಂಗಾಲದ ಡೈಆಕ್ಸೈಡ್ ಇಪ್ಪತ್ತು ನಿಮಿಷದೊಳಗೆ ಹತ್ತು ಲಕ್ಷಕ್ಕೆ 3,000 ಭಾಗ ದಾಟಿತು. ಕೆಳಗೆ 3 ಅಂಗುಲ ತೆರವು ಬಿಟ್ಟು, ಹಿಂಬದಿಯ ನೆತ್ತಿಯಲ್ಲಿದ್ದ ಒಂದು ಖಾಲಿ ಬೋಲ್ಟು ತೂತಿನ ಬಿರಡೆ ತೆಗೆದ ಮೇಲೆ 1,400ರ ಆಸುಪಾಸಿನಲ್ಲಿ ನಿಂತಿತು.

ಬಿಸಿಗೆ ಆ ಕಾಲದ ಸಲಹೆಯಂತೆ ಎರಡು ಮಣ್ಣಿನ ಹೂಕುಂಡಗಳು: ಒಂದರಲ್ಲಿ ಮೇಣದಬತ್ತಿ, ಅದರ ಮೇಲೆ ಇನ್ನೊಂದನ್ನು ಕವುಚಿ, ಗಾಳಿಗೆ ಸಂದು ಬಿಡುವುದು. ಒಂದು ಗಂಟೆಯಲ್ಲಿ ಏರಿದ್ದು ಒಂದೂವರೆ ಡಿಗ್ರಿ ಮಾತ್ರ. ಅದಕ್ಕಿಂತ ಒಲೆಯಲ್ಲಿ ಕಾಯಿಸಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಇಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡದ್ದು ಎಷ್ಟೋ ಮೇಲು. ಇದ್ದಿಲಿನ ಕುಂಪಟಿಯನ್ನು ಒಳಗೆ ತರಲೇಬಾರದೆಂದು ಆಗಲೂ ಸರ್ಕಾರ ಎಚ್ಚರಿಸಿತ್ತು. ಈಗಲೂ ಅದೇ ಮಾತು. ಮೇಣದಬತ್ತಿ ಉರಿಯುವಷ್ಟು ಹೊತ್ತೂ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಯಂತ್ರ ಒಳಗಿತ್ತು, ಮಲಗುವ ಮೊದಲು ಬತ್ತಿ ಆರಿಸಿದೆವು.

ಹಂತ 8. ಒಂದು ರಾತ್ರಿ (ನವೆಂಬರ್)

ಸಾಮಾನು: ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಮನೆಯ ಕಾಗದಪತ್ರಗಳು (ಅಂದು ಅದರಲ್ಲಿ ಗುರುತಿನ ಚೀಟಿ ಮತ್ತು ಪಡಿತರ ಪುಸ್ತಕ ಇರುತ್ತಿದ್ದವು), ಥರ್ಮಾಸ್‌ನಲ್ಲಿ ಚಹಾ, ನೀರು, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮುಚ್ಚಳವಿರುವ ಬಕೆಟ್ಟು. ಬಕೆಟ್ಟಿಗೆ ಜಾಗ ಬಾಗಿಲ ಪಕ್ಕದಲ್ಲಿ, ಒಂದು ತುಂಡು ಪರದೆಯ ಹಿಂದೆ. ಬೇರೆಲ್ಲೂ ಅದು ಹಿಡಿಸುವುದಿಲ್ಲ.

ಹೊರಗೆ 3 ಡಿಗ್ರಿ ಸೆಲ್ಸಿಯಸ್. ಒಳಗೆ ಇಳಿದಾಗ 9, ಒಂದು ಗಂಟೆಯ ನಂತರ 12. ಮೇಲಿನ ಮಂಚದಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಹೋದರು. ಕೆಳಗಿನ ಮಂಚದಲ್ಲಿ ಬೆನ್ನಿನ ಕಡೆಯಿಂದ ಚಳಿ ಏರುತ್ತಿತ್ತು. ತಂತಿಬಲೆಯ ಮೇಲೆ ನಾಲ್ಕು ಪದರ ದಿನಪತ್ರಿಕೆ ಹಾಸಿದ ಮೇಲೆ ಸಹಿಸಬಹುದಾಯಿತು. ಒಬ್ಬರು ಮಗ್ಗುಲು ಬದಲಿಸಿದರೆ ನಾಲ್ವರಿಗೂ ತಿಳಿಯುತ್ತದೆ. ಒಂದು ಮಗು ಬಕೆಟ್ಟಿಗೆ ಹೋಗಬೇಕೆಂದರೆ ದೊಡ್ಡವರಿಬ್ಬರೂ ಕಾಲು ಮಡಚಬೇಕು. ದಾರ ತನ್ನ ಕೆಲಸ ಮಾಡಿತು. ಬೆಳಿಗ್ಗೆ ಮೂಲೆಯ ತಗ್ಗಿನಲ್ಲಿ ಎರಡು ಲೋಟದಷ್ಟು ನೀರಿತ್ತು. ನಮಗೆ ಸೈರನ್ ಇರಲಿಲ್ಲ, ಮೇಲೆ ವಿಮಾನಗಳಿರಲಿಲ್ಲ, ಬೆಳಿಗ್ಗೆ ಎದ್ದಾಗ ಮನೆ ನಿಂತಿರುತ್ತದೆಯೆಂಬ ಖಾತ್ರಿಯಿತ್ತು. ಇದೇ ಊರಿನ ವಿಮಾನ ನಿಲ್ದಾಣದ ಮೇಲೆ 1940ರ ಆಗಸ್ಟ್ 15ರಂದು ಬಾಂಬು ಬಿದ್ದ ಮೇಲೆ ಇಲ್ಲಿನವರಿಗೆ ಆ ಖಾತ್ರಿ ಇರಲಿಲ್ಲ. 1944ರ ಜೂನ್‌ನಿಂದ ಜರ್ಮನಿಯ ಹಾರುವ ಬಾಂಬುಗಳು (ಚಾಲಕನಿಲ್ಲದೆ ಹಾರಿಬಂದು ಬೀಳುವಂಥವು) ಬರತೊಡಗಿದಾಗ ಅವರು ಮತ್ತೆ ಇಂಥವೇ ಮಂಚಗಳಿಗೆ ಇಳಿದರು. ನಮ್ಮ ರಾತ್ರಿಯನ್ನು ಅವರ ರಾತ್ರಿಗಳಿಗೆ ಸಮನಾಗಿ ಯಾರೂ ಓದಬಾರದು.

ಹಂತ 9. ಮೇಲಿನ ಮಣ್ಣು, ಉಳಿದ ಕೆಲಸ

ನೆತ್ತಿಯ ಮೇಲೆ 15 ಅಂಗುಲ ಮಣ್ಣನ್ನು ಮತ್ತೆ ಹೊದಿಸಿದ್ದೇವೆ. ಬರಿಯ ಮಣ್ಣು ಬಾಗಿದ ಬದಿಗಳಲ್ಲಿ ಮೊದಲ ಮಳೆಗೇ ಜಾರಿತು. ಹುಲ್ಲಿನ ಹೆಂಟೆಗಳನ್ನು ಕೆಳಗಿನಿಂದ ಮೇಲಕ್ಕೆ ಇಟ್ಟಿಗೆಯ ವರಸೆಯಂತೆ ಜೋಡಿಸಿದ ಮೇಲೆ ನಿಂತಿದೆ. ಅಂದು ಅನೇಕರು ಇದರ ಮೇಲೆಯೇ ತರಕಾರಿ ಬೆಳೆದಿದ್ದರು. ನಾವು ಬರುವ ವಸಂತದಲ್ಲಿ ಕುಂಬಳದ ಬಳ್ಳಿ ಹಬ್ಬಿಸುವವರಿದ್ದೇವೆ. ಆಳಕ್ಕೆ ಬೇರಿಳಿಯುವ ಗಿಡ ಯಾವುದನ್ನೂ ನೆಡಬಾರದು, ಬೇರು ತಗಡುಗಳ ಸಂದಿಗೆ ಹೊಕ್ಕುತ್ತದೆ.

ಹಿಂಬದಿಯ ಎಡಮೂಲೆಯ ತೂತು ಇನ್ನೂ ಬಗೆಹರಿದಿಲ್ಲ. ಅಲ್ಲಿ ಬೆಸುಗೆ ಹಾಕಿದರೆ ಸುತ್ತಲಿನ ಸತು ಸುಡುತ್ತದೆ, ತೇಪೆಯ ತಗಡನ್ನು ಬೋಲ್ಟು ಹಾಕಿ ಕೂರಿಸಲು ಸುತ್ತ ಗಟ್ಟಿ ಲೋಹ ಸಾಲದು. ಸದ್ಯಕ್ಕೆ ಒಳಗಿನಿಂದ ಒಂದು ಓಕ್ ಮರದ ಹಲಗೆಯನ್ನು ಊರೆ ಕೊಟ್ಟು ನಿಲ್ಲಿಸಿದ್ದೇವೆ. ಹೊರಗಿನಿಂದ ಮಣ್ಣು ತೆಗೆದು, ಅದೇ ಅಲೆಯ ಅಳತೆಯ ಹಳೆಯ ತಗಡಿನ ತುಂಡನ್ನು ಅಕ್ಕಪಕ್ಕದ ಎರಡು ತಗಡುಗಳ ಗಟ್ಟಿ ಭಾಗದವರೆಗೆ ಚಾಚಿ ಬಿಗಿಯುವುದು ಒಂದೇ ದಾರಿಯೆಂದು ತೋರುತ್ತದೆ. ಆ ಅಳತೆಯ ತಗಡು ಸಿಕ್ಕ ಮೇಲೆ, ಮಣ್ಣು ಒಣಗಿರುವ ಮೇ ತಿಂಗಳಲ್ಲಿ ಆ ಕೆಲಸಕ್ಕೆ ಕೈಹಾಕುತ್ತೇವೆ.